ಅಲ್ಯೂಮಿನಿಯಂ ಬೆರೆಸಿದರೆ ಉಕ್ಕು ಮೆತ್ತಗಾಗಲ್ವಾ?

ಪ್ರಶ್ನೆ: ಮಡಿಕೇರಿಯ ತಿಮ್ಮಯ್ಯ ಮ್ಯೂಸಿಯಂನಲ್ಲಿ ಟ್ಯಾಂಕ್ ನೋಡಿದ ಮಗ, 'ಇದನ್ನ ಹಗುರ ಮಾಡೋಕಾಗಲ್ವಾ?' ಅಂದ. ಹಗುರವಾಗಲಿ ಅಂತ ಕವಚದ ಉಕ್ಕಿಗೆ ಅಲ್ಯೂಮಿನಿಯಂ ಬೆರೆಸುತ್ತಾರಂತೆ. ಪಾತ್ರೆ ಲೋಹ ಸೇರಿದರೆ ಉಕ್ಕು ಮೆತ್ತಗಾಗಲ್ವಾ?
- ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಇಲ್ಲ, ಸಮಸ್ಯೆ ಉಲ್ಟಾ. ಜಾಸ್ತಿ ಹಾಕಿದರೆ ಪೆಡಸಾಗುತ್ತದೆ. ತೋಟದ ಕತ್ತಿಗೆ ಕಮ್ಮಾರ ನೀರು ಕುಡಿಸುವಾಗ ಹದ ತಪ್ಪಿದರೆ ಏನಾಗುತ್ತದೆ? ಬಾಯಿ ಹರಿತವಾಗಿಯೇ ಇರುತ್ತದೆ, ಆದರೆ ಮೊದಲ ಗಂಟು ಸಿಕ್ಕಿದ ಕೂಡಲೇ ಮುಕ್ಕಾಗುತ್ತದೆ. ಕವಚದ ತಗಡು ಹಾಗೆ ಒಡೆದರೆ ಚೂರುಗಳು ಒಳಗೆ ಕೂತವರ ಮೇಲೇ ಹಾರುತ್ತವೆ.

ಅದಕ್ಕೇ ಈ ಉಕ್ಕಿಗೆ ಸುಮಾರು ಶೇ 30 ಮ್ಯಾಂಗನೀಸ್, ಶೇ 9ರ ಆಸುಪಾಸು ಅಲ್ಯೂಮಿನಿಯಂ, ಶೇ 1ರ ಹತ್ತಿರ ಇಂಗಾಲ ಹಾಕುತ್ತಾರೆ. ಮ್ಯಾಂಗನೀಸ್ ಉಕ್ಕು ಏಟು ತಿಂದಷ್ಟೂ ಗಟ್ಟಿಯಾಗುತ್ತದೆ ಅಂತ ಬ್ರಿಟನ್ನಿನ ಹ್ಯಾಡ್‌ಫೀಲ್ಡ್ 1882ರಲ್ಲೇ ಕಂಡುಕೊಂಡಿದ್ದರು. ಇಲ್ಲಿ ಅದರ ಜೊತೆಗೆ ತಗಡನ್ನು 500 ಡಿಗ್ರಿ ಚಿಲ್ಲರೆ ಬಿಸಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ, ಆಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬೈಡ್ ಕಣಗಳು (ಲೋಹಕ್ಕೆ ಇಂಗಾಲ ಕೂಡಿ ಆದವು) ಹುಟ್ಟಿ ಬಲ ಕೊಡುತ್ತವೆ. ಹೊತ್ತು ಮೀರಿದರೆ ಅವೇ ಕಣಗಳು ದಪ್ಪವಾಗಿ ಮತ್ತೆ ಪೆಡಸು. ನನ್ನ ಪ್ರಕಾರ ಇಡೀ ಕಸುಬು ಇರುವುದು ಆ ಒಲೆಯ ಮುಂದೆ.

ಲಾಭ ಎಷ್ಟು ಅಂತೀರಾ? 1 ಚದರ ಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ಮಾಮೂಲಿ ಉಕ್ಕಿನ ತಗಡು 78 ಕೆಜಿ ಚಿಲ್ಲರೆ ತೂಗುತ್ತದೆ, ಇದು ಸುಮಾರು 68. ಅಂಥ ಹತ್ತು ತಗಡು ಹೊದಿಸಿದ ಗಾಡಿಯಲ್ಲಿ 50 ಕೆಜಿಯ ಎರಡು ಮೂಟೆ ಕಾಫಿಯಷ್ಟು ಭಾರ ಇಳಿಯಿತು.

ಪ್ರಶ್ನೆ: ಸುಮ್ನೆ ತಗಡನ್ನೇ ತೆಳು ಮಾಡಿದರೆ ಆಗಲ್ವಾ?
- ಇನ್ನೊಬ್ಬರು, ಸೋಮವಾರಪೇಟೆ

ಉತ್ತರ: ಗುಂಡು ಒಳಗೆ ಬರುತ್ತದೆ, ಅಷ್ಟೇ.

ಪ್ರಶ್ನೆ: ಎರಡು ಮೂಟೆಗೆ ಇಷ್ಟೆಲ್ಲ ಒದ್ದಾಟ ಯಾಕೆ?
- ಮತ್ತೊಬ್ಬರು, ವಿರಾಜಪೇಟೆ

ಉತ್ತರ: ಮಳೆಗಾಲದಲ್ಲಿ ತೋಟದ ಏರಿನಲ್ಲಿ ಜೀಪು ಹತ್ತಿಸಿದವರು ಈ ಪ್ರಶ್ನೆ ಕೇಳಬಾರದಿತ್ತು! ನಮ್ಮ ಕೊಡಗಿನ ಸೇನಾನಿ ತಿಮ್ಮಯ್ಯನವರನ್ನೇ ನೋಡಿ. 1948ರ ನವೆಂಬರ್ 1ರಂದು ಅವರು 11,000 ಅಡಿಗೂ ಎತ್ತರದ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿ ಲಾ ಕಣಿವೆಗೆ ಟ್ಯಾಂಕ್ ನುಗ್ಗಿಸಿದರು. ಅಲ್ಲಿಗೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿಗಳು ಎಣಿಸಿಯೇ ಇರಲಿಲ್ಲ. ಅವು ಸ್ಟುವರ್ಟ್ ಟ್ಯಾಂಕುಗಳು, ಸುಮಾರು 15 ಟನ್. ಜಮ್ಮುವಿನಿಂದ ತರುವಾಗ ಸುಳಿವು ಸಿಗದಿರಲಿ ಅಂತ ಟರೆಟ್ (ಫಿರಂಗಿ ಇರುವ, ಮೇಲಿನ ತಿರುಗುವ ಭಾಗ) ಬಿಚ್ಚಿದ್ದರು. ಈಗಿನ ಅರ್ಜುನ್ ಟ್ಯಾಂಕ್ 58 ಟನ್ನಿಗೂ ಜಾಸ್ತಿ. ಲಡಾಖ್‌ನಂಥ ಕಡೆಗೆ ಅಂತಲೇ 25 ಟನ್ನಿನ ಜೋರಾವರ್ ಟ್ಯಾಂಕ್ ಮಾಡಿದ್ದು ಇದೇ ಕಾರಣಕ್ಕೆ.