ಲಂಡನ್ನಿನ ಪುಕ್ಕಟೆ ತಿರುಗಾಟ: ಹೌನ್‌ಸ್ಲೋ ತಂಗಿಗೊಂದು ಉತ್ತರ

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಅದೇ ಸಲಿಗೆಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆ ಇಷ್ಟು. ಹೌನ್‌ಸ್ಲೋಗೆ ಬಂದು ಎರಡು ತಿಂಗಳಾಗಿದೆ. ಮೂರು ಜನ ಒಂದು ಭಾನುವಾರ ಹೊರಗೆ ಹೋದರೆ ನೂರು ಪೌಂಡ್ ಮಂಗಮಾಯ. ಐದು ವರ್ಷದ ಮಗ ಮನೆಯಲ್ಲಿ ಕೂರುವುದಿಲ್ಲ. ಜೂನ್‌ನಲ್ಲಿ ಅತ್ತೆ ಮಾವ ಬೇರೆ ಬರುತ್ತಾರೆ. ದುಡ್ಡಿಲ್ಲದೆ ಈ ಊರಲ್ಲಿ ನೋಡೋಕೆ ಏನಾದರೂ ಇದೆಯಾ?

ಇದೆ, ಬೇಕಾದಷ್ಟಿದೆ. ಪುಕ್ಕಟೆ ಅಂದ ತಕ್ಷಣ ಸುಮಾರಾದದ್ದು ಅಂದುಕೊಳ್ಳಬೇಡಿ. ಈ ಊರಿನ ಒಳ್ಳೊಳ್ಳೆ ಜಾಗಗಳೇ ಪುಕ್ಕಟೆ. ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದಾಗಲೇ ಟಿಕೆಟ್ ಇರಲಿಲ್ಲ. ನಡುವೆ ಟಿಕೆಟ್ ಇಟ್ಟಿದ್ದ ಬೇರೆ ರಾಷ್ಟ್ರೀಯ ಮ್ಯೂಸಿಯಂಗಳೂ 2001ರ ಡಿಸೆಂಬರ್‌ನಿಂದ ಎಲ್ಲರಿಗೂ ಪುಕ್ಕಟೆಯಾದವು. ಅವಕ್ಕೆ ಸರ್ಕಾರದ ದುಡ್ಡು ಹೋಗುತ್ತದೆ, ಅಂದರೆ ನಿಮ್ಮ ಯಜಮಾನರ ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆಯೂ ಅದರಲ್ಲಿದೆ. ಬಾಗಿಲಲ್ಲಿ ದೇಣಿಗೆ ಡಬ್ಬಿ ಇಟ್ಟಿರುತ್ತಾರೆ. ಹಾಕಬೇಕು ಅನಿಸಿದರೆ ಹಾಕಿ, ಇಲ್ಲದಿದ್ದರೆ ಸುಮ್ನೆ ಒಳಗೆ ಹೋಗಿ.

ಟಿಕೆಟ್ ಇಲ್ಲದ್ದರ ನಿಜವಾದ ಲಾಭ ಉಳಿದ ದುಡ್ಡಲ್ಲ. ಇಪ್ಪತ್ತೈದು ಪೌಂಡ್ ಕೊಟ್ಟು ಒಳಗೆ ಹೋದರೆ ಕೊಟ್ಟದ್ದು ವಸೂಲಾಗಲಿ ಅಂತ ಕಾಲು ಸೋತರೂ ಎಲ್ಲ ಕೋಣೆ ಸುತ್ತುತ್ತೇವೆ. ಮಗ ಅಳುತ್ತಾನೆ, ಗಂಡ ಹೆಂಡತಿ ಜಗಳ ಆಡುತ್ತಾರೆ. ಪುಕ್ಕಟೆ ಜಾಗದಲ್ಲಿ ಆ ಹಂಗಿಲ್ಲ. ಕಬ್ಬನ್ ಪಾರ್ಕಿಗೆ ಹೋಗಿ ಬಂದ ಹಾಗೆ, ಒಂದು ಗಂಟೆ ಇದ್ದು ಎದ್ದು ಬರಬಹುದು. ಒಂದು ಸಲಕ್ಕೆ ಒಂದು ಕೋಣೆ ಸಾಕು. ಮುಂದಿನ ವಾರ ಇನ್ನೊಂದು.

ನಿಮ್ಮ ಮನೆ ಟ್ಯೂಬ್ ಅನ್ನುವ ನೆಲದಡಿ ರೈಲಿನ ಪಿಕಡಿಲಿ ಲೈನ್ ಮೇಲಿದೆ ಅಲ್ವಾ, ಅದೇ ದೊಡ್ಡ ಅದೃಷ್ಟ. ರೈಲು ಬದಲಿಸದೆ ಸೌತ್ ಕೆನ್ಸಿಂಗ್ಟನ್‌ಗೆ ಬಂದಿಳಿಯಿರಿ. ಸ್ಟೇಷನ್ನಿಂದಲೇ ನೆಲದಡಿಯ ದಾರಿ ಇದೆ, ಮಳೆಯಲ್ಲಿ ನೆನೆಯದೆ ಮ್ಯೂಸಿಯಂಗಳ ಹತ್ತಿರ ಏಳಬಹುದು. ಮಗನಿಗೆ ಮೊದಲು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ದೊಡ್ಡ ಹಾಲ್‌ನಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನು ತಲೆಯ ಮೇಲೆ ತೂಗುಹಾಕಿದ್ದಾರೆ. ಆಮೇಲೆ ಡೈನೋಸಾರ್. ಶನಿವಾರ, ಭಾನುವಾರ, ಶಾಲೆಗೆ ರಜೆ ಇದ್ದಾಗ ಕ್ಯೂ ಜಾಸ್ತಿ. ಆನ್‌ಲೈನ್‌ನಲ್ಲಿ ಸಮಯ ನಮೂದಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡು ಹೋಗಿ. ಪಕ್ಕದಲ್ಲೇ ಸೈನ್ಸ್ ಮ್ಯೂಸಿಯಂ, ಅಲ್ಲಿ ಮನೆಯಿಂದ ತಂದ ಬುತ್ತಿ ಬಿಚ್ಚಿ ತಿನ್ನೋಕೆ ಜಾಗವಿದೆ. ಚಿತ್ರಾನ್ನದ ಡಬ್ಬಿ ಮರೆಯಬೇಡಿ. ದುಡ್ಡು ಸೋರುವುದು ಅಲ್ಲಿನ ಕೆಫೆಯಲ್ಲಿ, ಮತ್ತೆ ಹೊರಡುವಾಗ ಸಿಗುವ ಆಟಿಕೆ ಅಂಗಡಿಯಲ್ಲಿ. ಮಗನನ್ನು ಬೇರೆ ಬಾಗಿಲಿಂದ ಕರೆತನ್ನಿ.

ರಸ್ತೆ ದಾಟಿದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ನಮ್ಮವರು ಇಲ್ಲಿ ನೋಡಲೇಬೇಕಾದದ್ದು ಟಿಪ್ಪುವಿನ ಹುಲಿ. ಮೈಸೂರಿನಲ್ಲಿ ಮರದಲ್ಲಿ ಮಾಡಿಸಿದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತು ತಂದರು. ಹುಲಿಯೊಂದು ಕೆಂಪು ಕೋಟಿನ ದೊರೆಯ ಕುತ್ತಿಗೆಗೆ ಬಾಯಿ ಹಾಕಿದೆ. ದೂರದಿಂದ ಆಟದ ಸಾಮಾನು ಅನಿಸುತ್ತದೆ. ಹತ್ತಿರ ಹೋಗಿ ಹುಲಿಯ ಪಕ್ಕೆ ನೋಡಿ. ಒಳಗೆ ಪುಟ್ಟ ಆರ್ಗನ್ ವಾದ್ಯ, ಅದಕ್ಕೆ ಸಾಲಾಗಿ ಕೀಲಿಗಳು. ಹಿಡಿ ತಿರುಗಿಸಿದರೆ ದೊರೆಯ ಕೈ ಮೇಲೆ ಕೆಳಗೆ ಆಡುತ್ತಿತ್ತು, ನರಳುವ ಸದ್ದು ಬರುತ್ತಿತ್ತು, ಹುಲಿ ಗುರುಗುಟ್ಟುತ್ತಿತ್ತು. ಈಗ ಗಾಜಿನ ಹಿಂದೆ ಇದೆ, ಯಾರೂ ತಿರುಗಿಸುವ ಹಾಗಿಲ್ಲ. ನೋಡಿದರೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ರಿಪೇರಿಗೆಂದು ಕೋಣೆಗಳನ್ನು ಮುಚ್ಚುವುದುಂಟು, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿ. ಈ ಮ್ಯೂಸಿಯಂ ಶುಕ್ರವಾರ ರಾತ್ರಿ ಹತ್ತರವರೆಗೂ ತೆರೆದಿರುತ್ತದೆ. ಯಜಮಾನರು ಆಫೀಸಿಂದ ನೇರ ಅಲ್ಲಿಗೇ ಬರಲಿ.

ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕಾವಲು ಬದಲಾಗುವುದನ್ನು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಬೇಡ. ಮುಂದಿನವರ ಫೋನ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದರ ಬದಲು ಪಕ್ಕದ ಸೇಂಟ್ ಜೇಮ್ಸ್ ಪಾರ್ಕಿಗೆ ಹೋಗಿ. ಅಲ್ಲಿ ಪೆಲಿಕನ್ ಹಕ್ಕಿಗಳಿವೆ. 1664ರಲ್ಲಿ ರಷ್ಯಾದ ರಾಯಭಾರಿ ರಾಜನಿಗೆ ಉಡುಗೊರೆ ಕೊಟ್ಟಾಗಿನಿಂದ ಆ ಪಾರ್ಕಿನಲ್ಲಿ ಪೆಲಿಕನ್ ಸಾಕುತ್ತಾರೆ. ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮೀನು ಹಾಕುತ್ತಾರೆ. ನಿಮ್ಮ ಮಗ ಅಲ್ಲಿಂದ ಅಲ್ಲಾಡುವುದಿಲ್ಲ ನೋಡಿ. ದೂರ ಹೋಗೋಕೆ ಬೇಜಾರಾದ ದಿನ ನಿಮ್ಮ ಹತ್ತಿರದ ಆಸ್ಟರ್ಲಿ ಪಾರ್ಕ್ ಇದೆ. ಬಂಗಲೆಯೊಳಗೆ ಹೋಗಲು ಟಿಕೆಟ್, ಸುತ್ತಲಿನ ಪಾರ್ಕ್ ಪುಕ್ಕಟೆ.

ಓಡಾಟದ ಖರ್ಚೂ ಕಡಿಮೆ ಮಾಡಬಹುದು. ಹನ್ನೊಂದು ವರ್ಷದ ಒಳಗಿನ ಮಕ್ಕಳಿಗೆ ಬಸ್ಸು, ಮತ್ತೆ ದೊಡ್ಡವರ ಜೊತೆಯಾದರೆ ಟ್ಯೂಬ್ ಕೂಡ ಪುಕ್ಕಟೆ. ದೊಡ್ಡವರು ಬ್ಯಾಂಕ್ ಕಾರ್ಡೋ ಪ್ರಯಾಣದ ಕಾರ್ಡೋ ಒಂದು ಸಲ ಬಸ್ಸಿನ ಯಂತ್ರಕ್ಕೆ ತೋರಿಸಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಹತ್ತಿದರೂ ಒಂದೇ ದರ. ಪ್ರತಿ ಸಲವೂ ಅದೇ ಕಾರ್ಡ್ ಇರಬೇಕು ಅಷ್ಟೇ. ಮಹಡಿ ಬಸ್ಸಿನ ಮೇಲೆ ಮುಂದಿನ ಸೀಟು ಸಿಕ್ಕರೆ ಟೂರಿಸ್ಟ್ ಬಸ್ಸಿಗೆ ದಂಡ ತೆರಬೇಕಾಗಿಲ್ಲ.

ಇನ್ನು ಅತ್ತೆ ಮಾವ. ಬಿಗ್ ಬೆನ್ ತೋರಿಸಿ, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಬಲಕ್ಕೆ ತಿರುಗಿ ನದಿ ಪಕ್ಕ ನಡೆಸಿ. ಕೋವಿಡ್‌ನಲ್ಲಿ ಹೋದವರ ನೆನಪಿಗೆ ಜನ ಕೆಂಪು ಹೃದಯ ಬರೆದ ಗೋಡೆ ಅರ್ಧ ಕಿಲೋಮೀಟರ್ ಉದ್ದಕ್ಕೆ ಬರುತ್ತದೆ. ಅದನ್ನು ದಾಟಿ, ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಂಡೆಯಲ್ಲಿ ಮುಂದೆ ಹೋದರೆ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಕುಳಿತುಕೊಳ್ಳಲು ಬೆಂಚು ಇವೆ. ಹಿರಿಯರು ಅರ್ಧ ಗಂಟೆ ಅಲ್ಲೇ ಕೂರಲಿ, ಅವಸರ ಮಾಡಬೇಡಿ.

ಎತ್ತರದಿಂದ ಊರು ನೋಡಬೇಕು ಅಂದರೆ ದುಡ್ಡು ಕೊಟ್ಟು ಲಂಡನ್ ಐ ಅನ್ನುವ ದೊಡ್ಡ ಚಕ್ರ ಹತ್ತುವುದು ಬೇಡ. ಎತ್ತರದ ಕಟ್ಟಡಗಳ ಮೇಲಿಂದ ಊರು ನೋಡುವ ಜಾಗಗಳಾದ ಸ್ಕೈ ಗಾರ್ಡನ್ ಮತ್ತು ಹೊರೈಜನ್ 22, ಎರಡೂ ಪುಕ್ಕಟೆ. ಎರಡನೆಯದು 58ನೇ ಮಹಡಿಯಲ್ಲಿ. ಲಿಫ್ಟ್ ಇದೆ, ಮಾವನವರ ಮಂಡಿಗೆ ತೊಂದರೆಯಿಲ್ಲ. ಟಿಕೆಟ್ ಮಾತ್ರ ಮೊದಲೇ ಆನ್‌ಲೈನ್‌ನಲ್ಲಿ ತೆಗೆಯಬೇಕು, ಬಿಟ್ಟ ಕೂಡಲೇ ಖಾಲಿಯಾಗುತ್ತವೆ. ವಾರಾಂತ್ಯಕ್ಕೆ ಹಟ ಹಿಡಿಯಬೇಡಿ. ಅವರಿಗೇನು ಆಫೀಸಾ, ಮಂಗಳವಾರವೋ ಬುಧವಾರವೋ ಬುಕ್ ಮಾಡಿ.