ಮೊದಲ ಸುತ್ತಿನಲ್ಲೇ ಸೋತ ಹುಡುಗ ಸಂಜೆಯವರೆಗೆ ಏನು ಮಾಡಬೇಕು?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ನಿವೃತ್ತ ಮೇಷ್ಟ್ರು. ಎರಡು ವರ್ಷದಿಂದ ಭಾನುವಾರ ಗ್ರಂಥಾಲಯದ ಪಕ್ಕದ ಹಾಲಿನಲ್ಲಿ ಮಕ್ಕಳಿಗೆ ಚೆಸ್ ಆಡಿಸುತ್ತಿದ್ದೇನೆ. ಗಣರಾಜ್ಯೋತ್ಸವಕ್ಕೆ ಒಮ್ಮೆ ಸೋತರೆ ಹೊರಬೀಳುವ ನಾಕೌಟ್ ಪಂದ್ಯಾವಳಿ ಇಟ್ಟೆವು. 42 ಮಂದಿ ಬಂದರು. ಹನ್ನೊಂದು ಗಂಟೆಗೆ ಅರ್ಧ ಹಾಲು ಖಾಲಿ. ಆಮೇಲೊಮ್ಮೆ ಆನ್‌ಲೈನಿನಲ್ಲಿ ಇಟ್ಟರೆ ಏಳನೇ ತರಗತಿಯ ಹುಡುಗನೊಬ್ಬ ಒಂದು ತಪ್ಪೂ ಮಾಡದೆ ಎಲ್ಲರನ್ನೂ ಸೋಲಿಸಿಬಿಟ್ಟ. ಕಂಪ್ಯೂಟರಿನ ನೆರವು ಪಡೆದನೆಂದು ಮಕ್ಕಳ ಅಪ್ಪ ಅಮ್ಮಂದಿರ ನಡುವೆ ಜಗಳವಾಯಿತು. ಈಗ ಕೆಲವರು ಪೂರ್ತಿ ಆನ್‌ಲೈನ್ ಮಾಡಿ ಎನ್ನುತ್ತಾರೆ, ಕೆಲವರು ಅದರ ಸಹವಾಸವೇ ಬೇಡ ಎನ್ನುತ್ತಾರೆ. ನಮ್ಮೂರಿನ ಇಬ್ಬರು ಹಿರಿಯರು ಚೆಸ್ಸಿನ ಹಳೇ ದೇಶೀ ಕ್ರಮದಲ್ಲೇ ಆಡುತ್ತೇವೆ ಎಂದು ಹಟ ಹಿಡಿದಿದ್ದಾರೆ. ಏನು ಮಾಡಲಿ? ಇನ್ನೊಂದು ಮಾತು. ನಿಮ್ಮ ಪತ್ರಿಕೆ ಯಾವಾಗಲೂ ಗೆದ್ದವರ ಫೋಟೋ ಮಾತ್ರ ಹಾಕುತ್ತದೆ. (ಹೆಸರು ಬೇಡ.)

ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ಕೊನೆಯ ದೂರಿಗೆ ಕೊನೆಯಲ್ಲೇ ಬರುತ್ತೇನೆ. ಹನ್ನೊಂದಕ್ಕೆ ಖಾಲಿಯಾದ ಹಾಲಿನಿಂದ ಶುರು ಮಾಡೋಣ, ಯಾಕೆಂದರೆ ಆ ತಪ್ಪನ್ನು ನಾನೂ ಮಾಡಿದ್ದೇನೆ.

ಪತ್ರಿಕೆಗೆ ಬರುವ ಮೊದಲು ನಮ್ಮ ಬಡಾವಣೆಯ ಗೆಳೆಯರು ಸೇರಿ ರಾಜ್ಯೋತ್ಸವಕ್ಕೆ ಕಲ್ಯಾಣ ಮಂಟಪವೊಂದರಲ್ಲಿ ನಾಕೌಟ್ ಇಟ್ಟಿದ್ದೆವು. ಹಳ್ಳಿಯಿಂದ ಬಂದ ಒಬ್ಬ ಹುಡುಗನನ್ನು ಅವನಪ್ಪ ಎಂಟಕ್ಕೆ ಸ್ಕೂಟರಿನಲ್ಲಿ ತಂದು ಬಿಟ್ಟು, ಸಂಜೆ ಐದಕ್ಕೆ ಬರುತ್ತೇನೆ ಎಂದು ಹೋದರು. ಹತ್ತೂ ಇಪ್ಪತ್ತಕ್ಕೆ ಹುಡುಗ ಮಂತ್ರಿ ಕಳೆದುಕೊಂಡು ಸೋತ. ಊಟದ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತವನು ಐದು ಗಂಟೆವರೆಗೂ ಅಲ್ಲೇ ಇದ್ದ. ನಾವು ಆರು ಜನ ಸಂಘಟಕರು ಅವನನ್ನು ದಾಟಿಕೊಂಡೇ ಕಾಫಿಗೆ ಹೋಗಿ ಬಂದೆವು. ಹಾಲಿನಲ್ಲಿ ಹದಿನೈದು ಬೋರ್ಡು ಸುಮ್ಮನೆ ಬಿದ್ದಿದ್ದವು. 'ಬಾರೋ, ಒಂದಾಟ ಆಡೋಣ' ಎನ್ನಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಆಮೇಲಿಂದ ಯಾರೇ ಪಂದ್ಯಾವಳಿಯ ಕರಪತ್ರ ತಂದು ತೋರಿಸಲಿ, ನಾನು ಬಹುಮಾನದ ಮೊತ್ತ ನೋಡುವುದಿಲ್ಲ. ಎಷ್ಟು ಸುತ್ತು, ಸೋತವರಿಗೆ ಮುಂದಿನ ಆಟ ಇದೆಯೋ ಇಲ್ಲವೋ, ಅದನ್ನು ನೋಡುತ್ತೇನೆ.

ಲೆಕ್ಕ ಹಾಕಿ. 42 ಮಂದಿಯ ನಾಕೌಟಿನಲ್ಲಿ ಒಟ್ಟು ಆಟ 41. ಒಬ್ಬ ಉಳಿಯಬೇಕಾದರೆ 41 ಮಂದಿ ಒಂದೊಂದು ಸಲ ಸೋಲಬೇಕು, ಅಷ್ಟೇ. ಮೊದಲ ಸುತ್ತಿಗೇ 21 ಮಕ್ಕಳು ಮನೆಗೆ. ಉಳಿದ 21 ಬೆಸ ಸಂಖ್ಯೆ; ಎರಡನೇ ಸುತ್ತಿನಲ್ಲಿ ಆಡದೆಯೇ ಮುಂದೆ ಹೋದ ಪುಣ್ಯವಂತ ಯಾರೆಂದು ನಾನು ಕೇಳುವುದಿಲ್ಲ. ಎಲ್ಲರೂ ಎಲ್ಲರೊಡನೆ ಆಡುವ ರೌಂಡ್ ರಾಬಿನ್ ಇಟ್ಟರೆ 41 ಸುತ್ತು, 861 ಆಟ. ದಿನಕ್ಕೊಂದು ಸುತ್ತಿನಂತೆ ಗಣರಾಜ್ಯೋತ್ಸವಕ್ಕೆ ಶುರು ಮಾಡಿದರೆ ಮಾರ್ಚಿ ಪರೀಕ್ಷೆ ಹೊತ್ತಿಗೆ ಮುಗಿದೀತು. ಆರೋ ಎಂಟೋ ಜನರಿದ್ದಾಗ ಅದರಷ್ಟು ನ್ಯಾಯವಾದದ್ದು ಬೇರೆ ಇಲ್ಲ, 42 ಜನಕ್ಕೆ ಆಗದು.

ನಿಮಗೆ ಬೇಕಾದದ್ದು ಸ್ವಿಸ್ ಪದ್ಧತಿ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು ಬಂತು. ಯಾರೂ ಹೊರಗೆ ಹೋಗುವಂತಿಲ್ಲ. ಗೆದ್ದವರು ಗೆದ್ದವರೊಡನೆ, ಸೋತವರು ಸೋತವರೊಡನೆ. ಪ್ರತಿ ಸುತ್ತಿಗೂ ಸಮಾನ ಅಂಕದವರನ್ನು ಜೋಡಿಸುತ್ತಾ ಹೋಗುವುದು, ಒಮ್ಮೆ ಆಡಿದ ಜೋಡಿಯನ್ನು ಮತ್ತೆ ಕೂರಿಸದಿರುವುದು, ಬಿಳಿ ಕಪ್ಪು ಆದಷ್ಟೂ ಅದಲುಬದಲಾಗುವಂತೆ ನೋಡಿಕೊಳ್ಳುವುದು, ಇಷ್ಟೇ ಮೂಲ. ಆರು ಸುತ್ತು ಇಡಿ. ಆರು ಸುತ್ತಿಗೆ 64 ಮಂದಿಯವರೆಗೂ ಆರಕ್ಕೆ ಆರು ಗೆದ್ದವರು ಒಬ್ಬರಿಗಿಂತ ಹೆಚ್ಚು ಇರಲಾರರು. ನಿಮ್ಮಲ್ಲಿ 126 ಆಟ ನಡೆಯುತ್ತವೆ, ಬೋರ್ಡು ಮಾತ್ರ ನಾಕೌಟಿಗೆ ಬೇಕಾದಷ್ಟೇ, 21. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಮೂರನೇ ಸುತ್ತಿನ ಹೊತ್ತಿಗೆ, ಎರಡೂ ಸೋತ ಮಗು ಎರಡೂ ಸೋತ ಇನ್ನೊಂದು ಮಗುವಿನ ಎದುರು ಕೂತಿರುತ್ತದೆ. ಇಬ್ಬರಲ್ಲಿ ಒಬ್ಬರಂತೂ ಗೆಲ್ಲುವ ಆಸೆಯಿಂದ ಹಾಲಿನೊಳಗೇ ಉಳಿಯುತ್ತಾರೆ. ಕೊನೆಯ ಬೋರ್ಡುಗಳಲ್ಲಿ ಆಗುವಷ್ಟು ಗದ್ದಲ, ನಗು, ಕಣ್ಣೀರು ಮೊದಲ ಬೋರ್ಡಿನಲ್ಲಿ ಎಂದೂ ಆಗುವುದಿಲ್ಲ. ನನಗೆ ಅಲ್ಲಿ ನಿಂತು ನೋಡುವುದೇ ಇಷ್ಟ.

ಜೋಡಿ ಹಾಕಲು ದೊಡ್ಡ ಪಂದ್ಯಾವಳಿಗಳಲ್ಲಿ ಸ್ವಿಸ್-ಮ್ಯಾನೇಜರ್ ಎಂಬ ತಂತ್ರಾಂಶ ಬಳಸುತ್ತಾರೆ. ನಿಮಗೆ ಅದು ಈಗಲೇ ಬೇಡ. ಪೋಸ್ಟ್ ಕಾರ್ಡಿನ ಅಳತೆಯ ರಟ್ಟು ತನ್ನಿ, ಮಗುವಿಗೊಂದು. ಮೇಲೆ ಹೆಸರು. ಕೆಳಗೆ ಸುತ್ತಿಗೊಂದು ಸಾಲು: ಎದುರಾಳಿ ಯಾರು, ಬಿಳಿಯೋ ಕಪ್ಪೋ, ಎಷ್ಟು ಅಂಕ, ಈವರೆಗೆ ಒಟ್ಟು ಎಷ್ಟು. ಮೊದಲ ಸುತ್ತಿಗೆ ನಿಮಗೆ ಗೊತ್ತಿರುವ ಮಟ್ಟಿಗೆ ಬಲದ ಕ್ರಮದಲ್ಲಿ ಜೋಡಿಸಿ, ಕಟ್ಟನ್ನು ಎರಡು ಭಾಗ ಮಾಡಿ, 1ರ ಎದುರು 22, 2ರ ಎದುರು 23, ಹೀಗೆ. ಸುತ್ತು ಮುಗಿದ ಮೇಲೆ ಮೇಜಿನ ಮೇಲೆ ಅಂಕದ ಪ್ರಕಾರ ಗುಡ್ಡೆ ಹಾಕಿ, ಒಂದೊಂದು ಗುಡ್ಡೆಯನ್ನೂ ಅದೇ ರೀತಿ ಎರಡು ಮಾಡಿ. ಮೊದಲೆರಡು ಸಲ ಹತ್ತು ನಿಮಿಷ ಹಿಡಿಯುತ್ತದೆ, ಆಮೇಲೆ ಇಸ್ಪೀಟು ಹಂಚಿದಷ್ಟು ಸಲೀಸು. ಒಂದಿಬ್ಬರು ಹೈಸ್ಕೂಲಿನ ಹುಡುಗಿಯರಿಗೆ ಕಲಿಸಿಬಿಡಿ. ನಿಮಗಿಂತ ಬೇಗ ಮಾಡುತ್ತಾರೆ.

ಸಮ ಅಂಕ ಬಂದರೆ ಜಗಳ ಗ್ಯಾರಂಟಿ. ಅದಕ್ಕೆ ಬುಖೋಲ್ಟ್ಸ್ ಲೆಕ್ಕವಿದೆ: ಒಬ್ಬನ ಎದುರಾಳಿಗಳೆಲ್ಲ ಗಳಿಸಿದ ಅಂಕ ಕೂಡಿಸಿ, ಯಾರದು ಹೆಚ್ಚೋ ಅವನು ಮೇಲೆ. ಗಟ್ಟಿಗರ ಜೊತೆ ಆಡಿ ಗಳಿಸಿದ ಅಂಕಕ್ಕೆ ಹೆಚ್ಚು ತೂಕ ಎಂದು ಅರ್ಥ. ಲೆಕ್ಕ ಯಾವುದೇ ಇರಲಿ, ಮೊದಲ ಸುತ್ತಿಗೆ ಮುಂಚೆ ಕರಿಹಲಗೆಯ ಮೇಲೆ ಬರೆದಿರಬೇಕು. ಬಹುಮಾನ ಕೊಡುವಾಗ ವಿವರಿಸಲು ಹೋದಿರೋ, ನಿಮ್ಮನ್ನು ದೇವರೇ ಕಾಪಾಡಬೇಕು.

ಕಾಲದ ವಿಷಯ. ಒಬ್ಬೊಬ್ಬರಿಗೆ 10 ನಿಮಿಷ, ಪ್ರತಿ ನಡೆಗೆ 5 ಸೆಕೆಂಡು ಜಾಸ್ತಿ ಎಂದಿಟ್ಟುಕೊಳ್ಳಿ. ಅರವತ್ತು ನಡೆಯ ಆಟವಾದರೂ ತಲಾ 15 ನಿಮಿಷ, ಒಟ್ಟು ಅರ್ಧ ಗಂಟೆ. ಈ ಸೆಕೆಂಡು ಸೇರಿಸುವ ಗಡಿಯಾರಕ್ಕೆ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1988ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1992ರಲ್ಲಿ ಹಳೆಯ ಎದುರಾಳಿ ಸ್ಪಾಸ್ಕಿಯ ಜೊತೆ ಅದರಲ್ಲೇ ಆಡಿದರು. ಗೆಲ್ಲುವ ಆಟವನ್ನು ಬರೀ ಗಡಿಯಾರ ಬಡಿಯುವ ಭರದಲ್ಲಿ ಕಳೆದುಕೊಳ್ಳುವುದು ತಪ್ಪಿತು. ನಿಮ್ಮ ಹತ್ತಿರ 21 ಗಡಿಯಾರ ಇರುವುದಿಲ್ಲ, ಗೊತ್ತು. ಗಡಿಯಾರ ಇಲ್ಲದೆಯೇ ಎಲ್ಲರನ್ನೂ ಶುರು ಮಾಡಿಸಿ. ಇಪ್ಪತ್ತು ನಿಮಿಷದ ಹೊತ್ತಿಗೆ ಮಕ್ಕಳ ಆಟ ಮುಕ್ಕಾಲು ಪಾಲು ಮುಗಿದಿರುತ್ತದೆ. ಉಳಿದ ಬೋರ್ಡುಗಳಿಗೆ ಮಾತ್ರ ತಲಾ ಐದು ನಿಮಿಷದ ಗಡಿಯಾರ ಇಡಿ. ಐದಾರು ಗಡಿಯಾರ ಸಾಕು. ಆಳೆತ್ತರದ ಟ್ರೋಫಿಗೆ ಇಟ್ಟ ದುಡ್ಡನ್ನು ಇದಕ್ಕೆ ತಿರುಗಿಸಿ. ಆ ಟ್ರೋಫಿಗಳು ಎರಡನೇ ವರ್ಷಕ್ಕೆ ಕೈ ಮುರಿದುಕೊಂಡು ಟಿವಿ ಹಿಂದೆ ಸೇರುತ್ತವೆ.

ನಿಯಮಗಳಲ್ಲಿ ಎರಡನ್ನು ಬಿಗಿಯಾಗಿ ಹಿಡಿಯಿರಿ. ಮುಟ್ಟಿದ ಕಾಯಿ ನಡೆಸಲೇಬೇಕು. ತಕರಾರಿದ್ದರೆ ಗಡಿಯಾರ ನಿಲ್ಲಿಸಿ ಕೈಯೆತ್ತಬೇಕು, ಕಿರುಚಬಾರದು. ನಿಯಮ ಮೀರಿದ ನಡೆಗೆ, ಇಂಥ ಕಡಿಮೆ ಕಾಲದ ರ‍್ಯಾಪಿಡ್ ಆಟದಲ್ಲಿ ಮೊದಲ ಸಲ ಎದುರಾಳಿಗೆ ಎರಡು ನಿಮಿಷ ಹೆಚ್ಚು, ಎರಡನೇ ಸಲ ಸೋಲು ಎಂದು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮ ಹೇಳುತ್ತದೆ. ಎಂಟು ವರ್ಷದ ಮಗುವಿನ ಮೇಲೆ ನಾನಂತೂ ಅದನ್ನು ಹೂಡುವುದಿಲ್ಲ. ಇನ್ನು ನಿಯಮ ಪುಸ್ತಕಕ್ಕಿಂತ ದೊಡ್ಡ ನಿಯಮ: ಅಪ್ಪ ಅಮ್ಮಂದಿರು ಹಾಲಿನ ಹೊರಗೆ. ಕುರ್ಚಿ, ನೆರಳು, ಚಹಾ ಎಲ್ಲ ಕೊಡಿ, ಬಾಗಿಲು ಮಾತ್ರ ಹಾಕಿ. ಮಗುವಿನ ಹಿಂದೆ ನಿಂತು ಕೆಮ್ಮುವ ಅಪ್ಪ ಏನು ಕೆಮ್ಮುತ್ತಿದ್ದಾನೆಂದು ಎದುರಾಳಿಯ ಅಮ್ಮನಿಗೆ ಚೆನ್ನಾಗಿ ತಿಳಿಯುತ್ತದೆ.

ಆನ್‌ಲೈನ್ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಭಾನುವಾರದಿಂದ ಭಾನುವಾರಕ್ಕೆ ಆರು ದಿನ ಇವೆಯಲ್ಲ? ಲಿಚೆಸ್ ಎಂಬ ಚೆಸ್ ಜಾಲತಾಣ ಇದೆ. ಫ್ರಾನ್ಸಿನ ತಿಬೊ ದುಪ್ಲೆಸಿ 2010ರಲ್ಲಿ ಶುರು ಮಾಡಿದ್ದು, ಕಾಸಿಲ್ಲ, ಜಾಹೀರಾತಿಲ್ಲ. ನಿಮ್ಮೂರ ಹೆಸರಿನಲ್ಲಿ ಒಂದು ಟೀಮ್ ಮಾಡಿಕೊಂಡು, ಬುಧವಾರ ಸಂಜೆ ಒಂದು ಗಂಟೆ ಅರೀನಾ ಇಡಿ. ಅರೀನಾದಲ್ಲಿ ಸುತ್ತು ಎಂಬುದೇ ಇಲ್ಲ. ಒಂದಾಟ ಮುಗಿದ ಕೂಡಲೇ ಮತ್ತೊಬ್ಬ ಎದುರಾಳಿ ಸಿಗುತ್ತಾನೆ. ತಡವಾಗಿ ಬರಬಹುದು, ಟ್ಯೂಷನ್ನಿಗೆ ಹೊತ್ತಾಯಿತೆಂದು ನಡುವೆ ಏಳಬಹುದು. ಗೆದ್ದರೆ 2, ಡ್ರಾ ಆದರೆ 1. ಸತತ ಎರಡು ಗೆದ್ದವನಿಗೆ ಬೆಂಕಿಯ ಗುರುತು ಬಿದ್ದು ಮುಂದಿನ ಅಂಕ ದುಪ್ಪಟ್ಟು. ಮಕ್ಕಳಿಗೆ ಆ ಬೆಂಕಿಯ ಹುಚ್ಚು ಹಿಡಿಯುತ್ತದೆ. ಹಾಗಾಗಿ ಅಲ್ಲಿ ಗೆಲ್ಲುವುದು ಯೋಚನೆಗಿಂತ ವೇಗ, ಅದೊಂದು ಕೊರತೆ. ನಿಧಾನದ ಆಟ ಬೇಕಾದರೆ ಟೀಮಿನೊಳಗೆ ಸ್ವಿಸ್ ಇಡುವ ಸೌಲಭ್ಯವೂ ಅಲ್ಲೇ ಇದೆ. ಪಂದ್ಯಾವಳಿಗೆ ಪಾಸ್‌ವರ್ಡ್ ಹಾಕಿ, ಚಿಕ್ಕವರ ಖಾತೆಯಲ್ಲಿ ಕಿಡ್ ಮೋಡ್ ಒತ್ತಿಬಿಡಿ. ಗುರುತಿಲ್ಲದವರ ಮಾತುಕತೆ ಬಂದ್ ಆಗುತ್ತದೆ.

ಆ ಏಳನೇ ತರಗತಿ ಹುಡುಗನ ವಿಷಯಕ್ಕೆ ಬರೋಣ. ಎಲ್ಲರ ಎದುರು ಅವನನ್ನು ಏನೂ ಕೇಳಬೇಡಿ. 2021ರ ಜೂನ್‌ನಲ್ಲಿ ವಿಶ್ವನಾಥನ್ ಆನಂದ್ ಕೋವಿಡ್ ಸಹಾಯಾರ್ಥವಾಗಿ ಗಣ್ಯರ ಜೊತೆ ಆನ್‌ಲೈನಿನಲ್ಲಿ ಆಡಿದ್ದು ನೆನಪಿದೆಯೇ? ಬೆಂಗಳೂರಿನ ಯುವ ಉದ್ಯಮಿಯೊಬ್ಬರು ಆನಂದರನ್ನೇ ಸೋಲಿಸಿದರು. ಮಾರನೇ ದಿನ ಕಂಪ್ಯೂಟರಿನ ನೆರವು ಪಡೆದಿದ್ದಾಗಿ ತಾವೇ ಒಪ್ಪಿಕೊಂಡರು. ಬಹುಮಾನವಿಲ್ಲದ, ದಾನಕ್ಕೆಂದೇ ನಡೆದ ಆಟದಲ್ಲಿ ಬೆಳೆದು ನಿಂತವರಿಗೇ ಆ ಚಪಲ ಬಂತು. ಹನ್ನೆರಡರ ಹುಡುಗನ ಮೇಜಿನ ಮೇಲೆ ಗ್ರ್ಯಾಂಡ್‌ಮಾಸ್ಟರನ್ನು ಮಣಿಸುವ ಫೋನ್ ಇಟ್ಟು, ಪಕ್ಕದಲ್ಲಿ 2,000 ರೂಪಾಯಿ ಬಹುಮಾನ ಇಟ್ಟವರು ನಾವು ತಾನೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಭಾನುವಾರ ಅವನನ್ನು ಕೂರಿಸಿಕೊಂಡು ಅವನ ಆಟಗಳನ್ನೇ ಬೋರ್ಡಿನ ಮೇಲೆ ಹರಡಿ, ಈ ಕುದುರೆ ಇಲ್ಲಿಗೆ ಯಾಕೆ ಬಂತಪ್ಪಾ ಎಂದು ಕೇಳಿ. ಹೇಳಿದರೆ ನಿಮ್ಮೂರಿಗೆ ಒಳ್ಳೆ ಆಟಗಾರ ಸಿಕ್ಕಿದ. ತಡವರಿಸಿದರೆ ಅವನಿಗೇ ತಿಳಿಯುತ್ತದೆ, ನೀವು ಇನ್ನೇನೂ ಹೇಳಬೇಕಾಗಿಲ್ಲ. ಇನ್ನು ಮುಂದೆ ಆನ್‌ಲೈನಿಗೆ ಬಹುಮಾನವೂ ಬೇಡ, ಪ್ರಮಾಣಪತ್ರವೂ ಬೇಡ. ಬಹುಮಾನವೇನಿದ್ದರೂ ಕಣ್ಣೆದುರು ಕೂತು ಆಡಿದ ಆಟಕ್ಕೆ.

ಕರೆಂಟು ಹೋದರೆ, ನೆಟ್ ಕೈಕೊಟ್ಟರೆ ಆಟ ಹೋದಂತೆ ಎಂದೂ ಮೊದಲೇ ಹೇಳಿಬಿಡಿ. 2020ರ ಆನ್‌ಲೈನ್ ಒಲಿಂಪಿಯಾಡ್ ಫೈನಲ್‌ನಲ್ಲಿ ನಿಹಾಲ್ ಸರಿನ್, ದಿವ್ಯಾ ದೇಶಮುಖ್ ಇಬ್ಬರೂ ಸಂಪರ್ಕ ಕಡಿದು ಕಾಲ ಮೀರಿ ಸೋತರು. ಭಾರತ ಮೇಲ್ಮನವಿ ಸಲ್ಲಿಸಿ, ಕೊನೆಗೆ ಭಾರತ ಮತ್ತು ರಷ್ಯಾ ಎರಡಕ್ಕೂ ಚಿನ್ನ ಎಂದು ತೀರ್ಮಾನವಾಯಿತು. ನಿಮ್ಮ ಬುಧವಾರದ ಅರೀನಾಕ್ಕೆ ಮೇಲ್ಮನವಿ ಸಮಿತಿ ಕಟ್ಟುವ ಕಷ್ಟ ಬೇಡ.

ಹಿರಿಯರಿಬ್ಬರನ್ನು ದಯವಿಟ್ಟು ಓಡಿಸಬೇಡಿ. ಸಿಪಾಯಿ ಮೊದಲ ನಡೆಗೂ ಒಂದೇ ಮನೆ, ರಾಜನಿಗೆ ಒಂದು ಸಲ ಕುದುರೆಯ ನೆಗೆತ, ಇದೇ ತಾನೇ ಅವರ ಹಟ? ನಮ್ಮ ದೇಶದ ಆಟದಲ್ಲಿ ಪಳಗಿ ಬಂದ ಮೀರ್ ಸುಲ್ತಾನ್ ಖಾನ್, ಯುರೋಪಿನ ಕ್ರಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದವರು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ! ಬಾಗಿಲ ಪಕ್ಕ ಅವರಿಗೊಂದು ಮೇಜು ಹಾಕಿ, ಬೇಗ ಆಟ ಮುಗಿಸಿದ ಮಕ್ಕಳು ಹೋಗಿ ಆ ಕ್ರಮವನ್ನೂ ಕಲಿಯಲಿ. 42 ಹೋಗಿ 41 ಮಂದಿ ಬಂದ ದಿನ ಒಬ್ಬ ಮಗು ಆಡದೆ ಒಂದು ಅಂಕ ಪಡೆದು ಕೂರಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಹಿರಿಯರಲ್ಲಿ ಒಬ್ಬರನ್ನು ಎದುರು ಕೂರಿಸಿ. ಹೊಸ ಕ್ರಮದಲ್ಲಿ ಆಡಲು ಒಪ್ಪಿಸುವುದು ನಿಮ್ಮ ಜಾಣ್ಮೆ.

ಬೇಗ ಮುಗಿಸಿದವರಿಗೆ ಇನ್ನೊಂದು ಕೆಲಸವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಸುತ್ತಿಸಿ ತರುವ ಕಟ್ಟುಗಳನ್ನು ರಚಿಸಿದವರು. ಮಕ್ಕಳಿಗೆ 64 ಬೇಡ. ಐದೈದು ಮನೆಯ ಚೌಕ ಬರೆದ ಹಾಳೆ ಕೊಟ್ಟು, ಮೂಲೆಯಿಂದ ಶುರು ಮಾಡಿ 1ರಿಂದ 25 ತುಂಬಿಸಿ ಎನ್ನಿ. ಮೂಲೆಯ ಪಕ್ಕದ ಮನೆಯಿಂದ ಹೊರಟರೆ ಜನ್ಮದಲ್ಲಿ ಮುಗಿಯುವುದಿಲ್ಲ, ಯಾಕೆಂದು ಅವರೇ ಕಂಡುಹಿಡಿಯಲಿ. ನಮ್ಮ ಕಚೇರಿಯಲ್ಲಿ ಇದನ್ನು ಕೊಟ್ಟ ದಿನ ಪತ್ರಿಕೆ ಅಚ್ಚಿಗೆ ಹೋಗುವುದು ಎರಡು ಗಂಟೆ ತಡವಾಯಿತು.

ರೇಟಿಂಗ್, ಅಂದರೆ ಆಟಗಾರನ ಬಲ ತೋರುವ ಅಂಕಿ, ಕೊಡಿಸಿ ಎಂದು ಕೇಳುವ ಪೋಷಕರು ಬಂದೇ ಬರುತ್ತಾರೆ. 2024ರ ಮಾರ್ಚ್‌ನಿಂದ ಫಿಡೆ ಪಟ್ಟಿ 1400ಕ್ಕೇ ಶುರುವಾಗುತ್ತದೆ, ಅದಕ್ಕಿಂತ ಕೆಳಗಿನ ರೇಟಿಂಗೇ ಇಲ್ಲ. ಸಿದ್ಧವಾದ ಇಬ್ಬರು ಮೂವರಿದ್ದರೆ ಜಿಲ್ಲಾ ಸಂಸ್ಥೆಯವರನ್ನು ಮಾತಾಡಿಸಿ, ರೇಟಿಂಗ್ ಸಿಗುವ ಪಂದ್ಯಾವಳಿಗೆ ಕಳಿಸಿ. ಉಳಿದವರಿಗಾಗಿ ನಿಮ್ಮ ಹಾಲನ್ನು ಪರೀಕ್ಷಾ ಕೇಂದ್ರ ಮಾಡಬೇಡಿ. ಕೇರಳದ ತ್ರಿಶೂರ್ ಜಿಲ್ಲೆಯ ಮರೊಟ್ಟಿಚ್ಚಾಲ್‌ನಲ್ಲಿ ಉಣ್ಣಿಕೃಷ್ಣನ್ ಎಂಬವರು ತಮ್ಮ ಚಹಾದಂಗಡಿಯಲ್ಲೇ ಜನರಿಗೆ ಚೆಸ್ ಕಲಿಸಿ, ಕುಡಿತಕ್ಕೆ ಬಿದ್ದಿದ್ದ ಊರನ್ನು ಬೋರ್ಡಿನ ಮುಂದೆ ಕೂರಿಸಿದರು. ಯಾವ ರೇಟಿಂಗಿನ ಆಸೆಗೂ ಅಲ್ಲ.

ಇನ್ನು ಫೋಟೋ. 2024ರ ಡಿಸೆಂಬರ್‌ನಲ್ಲಿ ಹದಿನೆಂಟರ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಮುಖಪುಟಕ್ಕೆ ಹಾಕಿದೆವು, ಮತ್ತೆ ಬಂದರೆ ಮತ್ತೆ ಹಾಕುತ್ತೇವೆ. ಆದರೆ ನೀವು ಹೇಳಿದ್ದು ನಿಜ, ಊರಿನ ಪಂದ್ಯಾವಳಿಯ ಸುದ್ದಿಯಲ್ಲೂ ಕಪ್ ಹಿಡಿದ ಮೂವರನ್ನು ಬಿಟ್ಟು ನಾವು ಯಾರನ್ನೂ ತೋರಿಸಿಲ್ಲ. ಮುಂದಿನ ಪಂದ್ಯಾವಳಿ ಆದ ಮೇಲೆ ಕೊನೆಯ ಸುತ್ತಿನ 21ನೇ ಬೋರ್ಡಿನ ಫೋಟೋ ಕಳಿಸಿ, ಮನೆಯವರ ಒಪ್ಪಿಗೆ ಕೇಳಿಕೊಂಡು. ಅರ್ಧ ಪುಟ ಇಟ್ಟಿರುತ್ತೇನೆ.

ಕಾರ್ಡಿನ ಮಾದರಿ ಒಂದನ್ನು ಬೇರೆ ಲಕೋಟೆಯಲ್ಲಿ ಹಾಕಿದ್ದೇನೆ. 42 ಅಲ್ಲ, 50 ಮಾಡಿಸಿ. ಹೆಸರು ಕೊಡದೆ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುವವರು ಇದ್ದೇ ಇರುತ್ತಾರೆ.