ಗೆರೆ ಎಳೆದವರ ಕೊಡುಗೆ

ಪ್ರಶ್ನೆ: ನಮ್ಮ ಪುಟ್ಟ ಪಟ್ಟಣದ ಕ್ರೀಡಾ ಸಂಘದಲ್ಲಿ ಹರೆಯದಿಂದಲೂ ಸ್ವಯಂಸೇವಕರಾಗಿ ದುಡಿದ ಹಿರಿಯರೊಬ್ಬರು ಈಗ ಬಿಡುವು ಬಯಸಿದ್ದಾರೆ. ಅವರು ಪದಕ ಗೆದ್ದವರಲ್ಲ, ಸಂಘದ ಅಧ್ಯಕ್ಷರಾದವರೂ ಅಲ್ಲ. ಸನ್ಮಾನ ಪತ್ರ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ‘ಅಪಾರ ಸೇವೆ’ ಎಂಬುದರಾಚೆ ಏನು ಬರೆಯಬೇಕೆಂದು ತೋಚುತ್ತಿಲ್ಲ. ಅಲ್ಲದೆ, ಅವರಿಗೆ ಸಂಘ ಆಗಾಗ ಓಡಾಟದ ಖರ್ಚು ಕೊಟ್ಟಿದೆ. ಹಾಗಿದ್ದೂ ಅವರನ್ನು ಸ್ವಯಂಸೇವಕರೆನ್ನಬಹುದೇ?
— ಒಬ್ಬ ಓದುಗರು

ಉತ್ತರ: ‘ಅಪಾರ’, ‘ಅನನ್ಯ’, ‘ನಿಸ್ವಾರ್ಥ’ ಎಂಬ ವಿಶೇಷಣಗಳನ್ನು ಮೊದಲು ಬದಿಗಿಡಿ. ಅವು ಯಾರ ಸನ್ಮಾನ ಪತ್ರಕ್ಕಾದರೂ ಒಗ್ಗುತ್ತವೆ, ಅದಕ್ಕೇ ಯಾರ ಬಗೆಗೂ ಏನನ್ನೂ ಹೇಳುವುದಿಲ್ಲ. ಆಟಗಾರನ ಸಾಧನೆ ಅಂಕಪಟ್ಟಿಯಲ್ಲಿ ಉಳಿಯುತ್ತದೆ. ಇಂಥವರ ಕೆಲಸವಾದರೋ ಚೆನ್ನಾಗಿ ನಡೆದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಆ ಕೆಲಸವನ್ನೇ ಹತ್ತಿರದಿಂದ ನೋಡಿ ಬರೆಯಿರಿ.

ವಾಲಿಬಾಲ್ ಅಂಕಣವನ್ನೇ ತೆಗೆದುಕೊಳ್ಳಿ. ಉದ್ದ 18 ಮೀಟರ್, ಅಗಲ 9 ಮೀಟರ್ ಎಂಬುದು ನಿಯಮ. ಆದರೆ ನಾಲ್ಕು ಬದಿಗಳನ್ನು ಅಳೆದ ಮಾತ್ರಕ್ಕೆ ಮೂಲೆಗಳು ಲಂಬಕೋನಕ್ಕೆ ಬರುವುದಿಲ್ಲ, ಇಡೀ ಅಂಕಣವೇ ಓರೆಯಾಗಿ ನಿಲ್ಲಬಹುದು. ಅನುಭವಿಗಳು ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ಎರಡೂ ಕರ್ಣಗಳು ಸುಮಾರು 20.12 ಮೀಟರಿಗೆ ಬರುವವರೆಗೆ ಗೂಟಗಳನ್ನು ಅತ್ತಿತ್ತ ಸರಿಸಿ, ಆಮೇಲಷ್ಟೇ ಸುಣ್ಣದ ಪುಡಿಗೆ ಕೈಹಾಕುತ್ತಾರೆ. ಓಟದ ಟ್ರ್ಯಾಕಿನ ಲೆಕ್ಕ ಇನ್ನೂ ಸೂಕ್ಷ್ಮ: 1.22 ಮೀಟರ್ ಅಗಲದ ಲೇನುಗಳಿರುವ 400 ಮೀಟರ್ ಟ್ರ್ಯಾಕಿನಲ್ಲಿ, ಪೂರ್ತಿ ಸುತ್ತನ್ನು ತಂತಮ್ಮ ಲೇನಿನಲ್ಲೇ ಓಡುವ ಸ್ಪರ್ಧೆಗೆ ಎರಡನೆಯ ಲೇನಿನ ಆರಂಭದ ಗೆರೆ ಮೊದಲನೆಯದಕ್ಕಿಂತ 7.04 ಮೀಟರ್ ಮುಂದಿರಬೇಕು. ಗೆರೆ ತಪ್ಪಿದರೆ ಓಟ ಶುರುವಾಗುವ ಮೊದಲೇ ಒಬ್ಬರಿಗೆ ಅನ್ಯಾಯವಾಗಿರುತ್ತದೆ, ಅದು ಅವರಿಗೆ ತಿಳಿಯುವುದೂ ಇಲ್ಲ. ನಿಮ್ಮ ಹಿರಿಯರು ಇಂಥ ಕೆಲಸ ಮಾಡಿದ್ದರೆ ಅದನ್ನು ಅಳತೆ ಸಮೇತ ಬರೆಯಿರಿ.

ಮೈದಾನದ ಹೊರಗಿನ ಕೆಲಸವನ್ನು ಕಂಡುಹಿಡಿಯುವುದು ಹೆಚ್ಚು ಕಷ್ಟ. ಪ್ರವೇಶ ಶುಲ್ಕ ಕಟ್ಟಲಾಗದ ಮಗುವಿನ ಹೆಸರನ್ನು ಸದ್ದಿಲ್ಲದೆ ಪಟ್ಟಿಗೆ ಸೇರಿಸಿದವರು ಯಾರು, ಪಂದ್ಯ ತಡವಾದ ದಿನ ಕೊನೆಯ ಹುಡುಗಿಯ ಮನೆಯವರು ಬರುವ ತನಕ ಬಾಗಿಲಲ್ಲಿ ನಿಂತವರು ಯಾರು, ಮುನಿಸಿಕೊಂಡ ಎರಡು ತಂಡಗಳನ್ನು ಮರುವರ್ಷ ಒಂದೇ ಅಂಕಣಕ್ಕೆ ಕರೆತಂದವರು ಯಾರು ಎಂಬುದಕ್ಕೆಲ್ಲ ಕಡತದಲ್ಲಿ ಉತ್ತರ ಸಿಗದು. ಹಳೆಯ ಆಟಗಾರರನ್ನು ಕೇಳಿ. ಅದರಲ್ಲೂ ಸೋತು ಆಟ ಬಿಟ್ಟವರನ್ನು ಕೇಳಿ. ಗೆದ್ದವರ ನೆನಪಿನಲ್ಲಿ ಗೆಲುವೇ ತುಂಬಿಕೊಂಡಿರುತ್ತದೆ. ನಿಮ್ಮ ಹಿರಿಯರು ಸಂಜೆಗಳನ್ನೆಲ್ಲ ಮೈದಾನಕ್ಕೆ ಕೊಟ್ಟಾಗ ಮನೆಯ ಭಾರ ಹೊತ್ತವರಿಗೂ ಪತ್ರದಲ್ಲಿ ಒಂದು ಸಾಲಾದರೂ ಸಲ್ಲಬೇಕು. ಸನ್ಮಾನ ಪತ್ರಗಳು ಸಾಮಾನ್ಯವಾಗಿ ಅವರನ್ನು ಮರೆಯುತ್ತವೆ.

ಖರ್ಚಿನ ವಿಚಾರದಲ್ಲಿ ಅಳುಕು ಬೇಡ. ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು 2013ರಲ್ಲಿ ಒಪ್ಪಿದ ವ್ಯಾಖ್ಯಾನದ ಪ್ರಕಾರ, ಯಾರ ಒತ್ತಾಯವೂ ಇಲ್ಲದೆ, ಸಂಬಳ ಪಡೆಯದೆ ಇತರರಿಗಾಗಿ ಮಾಡುವ ಕೆಲಸವೇ ಸ್ವಯಂಸೇವೆ. ಅಲ್ಪಸ್ವಲ್ಪ ನೆರವು ದೊರೆತ ಕಾರಣಕ್ಕೆ ಅದು ಸಂಬಳದ ದುಡಿಮೆಯಾಗುವುದಿಲ್ಲ. ಓಡಾಟದ ಖರ್ಚು ಕೊಟ್ಟ ನಿಮ್ಮ ಸಂಘ ಸರಿಯಾದುದನ್ನೇ ಮಾಡಿದೆ.

ದಿನಾಂಕ ಇನ್ನೂ ಗೊತ್ತುಮಾಡಿಲ್ಲವಾದರೆ ಡಿಸೆಂಬರ್ 5 ಸೂಕ್ತ. ವಿಶ್ವಸಂಸ್ಥೆ 1985ರಲ್ಲಿ ಅದನ್ನು ಅಂತರರಾಷ್ಟ್ರೀಯ ಸ್ವಯಂಸೇವಕರ ದಿನವೆಂದು ಸಾರಿತು. ಆದರೆ ಸಮಾರಂಭಕ್ಕಿಂತ ಅವಸರದ ಕೆಲಸ ಬೇರೆಯಿದೆ. ಇಷ್ಟು ವರ್ಷ ಎಲ್ಲವನ್ನೂ ಒಬ್ಬರ ತಲೆಗೇ ಕಟ್ಟಿದ್ದು ಸಂಘದ ಹೆಮ್ಮೆಯೇನಲ್ಲ, ನನ್ನ ಮಟ್ಟಿಗೆ ಅದು ಸಂಘದ ಸೋಮಾರಿತನ. ಇಬ್ಬರು ಕಿರಿಯರನ್ನು ಒಂದು ಋತುವಿನ ಮಟ್ಟಿಗೆ ಅವರ ಜೊತೆಗೆ ಬಿಡಿ. ಅಳತೆ, ಬೀಗದ ಕೈ, ತೀರ್ಪುಗಾರರ ಪಟ್ಟಿ ಎಲ್ಲವೂ ಕೈಬದಲಾಗಲಿ. ಸನ್ಮಾನ ಪತ್ರದ ಕರಡನ್ನು ಮಾತ್ರ ಮೊದಲೇ ಅವರಿಗೆ ಓದಿ ಹೇಳಿ. ಹೊಗಳಿಕೆಯನ್ನು ಅವರು ಹೊಡೆದುಹಾಕಬಹುದು, ಆದರೆ ತಮ್ಮೊಂದಿಗೆ ದುಡಿದು ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋದವರ ಹೆಸರುಗಳನ್ನು ಅವರೇ ಸೇರಿಸಿಕೊಡುತ್ತಾರೆ.